ಕುದಿಯುವ ನೀರಿನ ಗುಳ್ಳೆಯೊಳಗೆ ಏನಿದೆ? ಕಣಗಳ ಪಾಠದಲ್ಲಿ ಬೀಳುವ ಗಂಟುಗಳು

(ಇದೊಂದು ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಪಾಠಟಿಪ್ಪಣಿ

ಎಂಟು, ಒಂಬತ್ತನೇ ತರಗತಿಗೆ ದ್ರವ್ಯದ ಸ್ಥಿತಿಗಳ ಪಾಠ ಬರೆಯುತ್ತಿದ್ದೇನೆ. ಘನ, ದ್ರವ, ಅನಿಲದ ಮೂರು ಚೌಕಗಳ ಚಿತ್ರ ಮಕ್ಕಳಿಗೆ ಬಾಯಿಪಾಠ. ಆ ಚಿತ್ರ ಬಳಸಿ ಏನನ್ನಾದರೂ ವಿವರಿಸಿ ಎಂದಾಗ ಮಾತ್ರ ತಡವರಿಸುತ್ತಾರೆ. ನನ್ನ ಪ್ರಶ್ನೆ ನಾಲ್ಕು. ಕುದಿಯುವ ನೀರಿನ ಗುಳ್ಳೆಯಲ್ಲಿ ಗಾಳಿಯಿದೆ, ಇಲ್ಲವೇ ಹೈಡ್ರೊಜನ್ ಮತ್ತು ಆಕ್ಸಿಜನ್ ಇದೆ ಎಂಬ ಉತ್ತರವನ್ನು ಪ್ರಯೋಗದಿಂದ ಅಲ್ಲಗಳೆಯುವುದು ಹೇಗೆ? ಸ್ಟಿಯರಿಕ್ ಆಮ್ಲ (ಮೇಣದಂಥ ಘನ) ಕರಗಿ ತಣಿಯುವಾಗ ತಾಪ–ಕಾಲದ ರೇಖೆಯಲ್ಲಿ ಬರಬೇಕಾದ ಸಮತಟ್ಟು ಭಾಗ ಇಳಿಜಾರಾಗಿ ಬರುವುದೇಕೆ? ನೇರಳೆ ಬಣ್ಣ ಬಿಡುವ ಪರ್ಮಾಂಗನೇಟ್ ಹರಳನ್ನು ನೀರಿಗೆ ಹಾಕುವ ಪ್ರಯೋಗ ನಿಜಕ್ಕೂ ವಿಸರಣೆಯನ್ನು (ಕಣಗಳು ತಮ್ಮ ಓಟದಿಂದಲೇ ಹರಡುವುದನ್ನು) ತೋರಿಸುತ್ತದೆಯೇ? "ಹಿಂದಿನ ರೂಪಕ್ಕೆ ತರಬಹುದಾದರೆ ಅದು ಭೌತಿಕ ಬದಲಾವಣೆ" ಎಂಬ ಸೂತ್ರ ಎಲ್ಲಿಯವರೆಗೆ ನಿಲ್ಲುತ್ತದೆ?

ಉಷ್ಣರೇಖೆ

ಮೊದಲನೆಯದಕ್ಕೆ ಉತ್ತರ: ಗುಳ್ಳೆಯಲ್ಲಿರುವುದು ನೀರಾವಿ. ಆದರೆ ಮಕ್ಕಳು ಗಾಳಿ ಎನ್ನುವುದಕ್ಕೂ ಒಂದು ಕಾರಣವಿದೆ. ನೀರು 50–60 ಡಿಗ್ರಿಗೆ ಬರುವಾಗ ಪಾತ್ರೆಯ ಗೋಡೆಗೆ ಅಂಟಿಕೊಂಡು ಏಳುವ ಸಣ್ಣ ಗುಳ್ಳೆಗಳು ಹೆಚ್ಚಾಗಿ ಗಾಳಿಯವೇ. ನೀರಿನಲ್ಲಿ ಕರಗಿದ್ದ ಗಾಳಿ ಬಿಸಿಗೆ ಹೊರಬರುತ್ತದೆ. ಈ ಎರಡು ಬಗೆಯ ಗುಳ್ಳೆಗಳನ್ನು ಪಾಠದಲ್ಲಿ ಬೇರ್ಪಡಿಸಿ ಹೇಳದಿದ್ದರೆ ಗೊಂದಲ ಹಾಗೆಯೇ ಉಳಿಯುತ್ತದೆ.

ಲೆಕ್ಕ ನೋಡಿ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಗಾಳಿ 20 ಮಿಲಿಲೀಟರ್‌ಗಿಂತ ಸ್ವಲ್ಪ ಕಡಿಮೆ. ಅದೇ ಒಂದು ಲೀಟರ್ ಪೂರ್ತಿ ಆವಿಯಾದರೆ 100 ಡಿಗ್ರಿಯಲ್ಲಿ 1,600 ಲೀಟರ್‌ಗೂ ಮೀರಿದ ಅನಿಲ. ಪಾತ್ರೆಯ ತಳ ಕಾಣುವವರೆಗೂ ಗುಳ್ಳೆ ಏಳುತ್ತಲೇ ಇರುತ್ತದೆ. ಅಷ್ಟು ಗಾಳಿ ಬರುವುದೆಲ್ಲಿಂದ?

ಹೈಡ್ರೊಜನ್–ಆಕ್ಸಿಜನ್ ಉತ್ತರಕ್ಕೆ ಶಕ್ತಿಯ ಲೆಕ್ಕವೇ ಸಾಕು. 18 ಗ್ರಾಂ ನೀರನ್ನು ಕುದಿಬಿಂದುವಿನಲ್ಲಿ ಆವಿಮಾಡಲು 40.7 ಕಿಲೊಜೂಲ್ ಬೇಕು. ಅಷ್ಟೇ ನೀರಿನ ಅಣುಗಳ ಒಳಗಿನ ಬಂಧಗಳನ್ನೆಲ್ಲ ಮುರಿಯಲು ಬೇಕಾದದ್ದು ಸುಮಾರು 925 ಕಿಲೊಜೂಲ್, ಅಂದರೆ ಇಪ್ಪತ್ತು ಪಟ್ಟಿಗೂ ಹೆಚ್ಚು. ಒಲೆಯ ಉರಿಯಿಂದ ಅಣು ಅಣುವಿನಿಂದ ಬಿಡಿಸಿಕೊಳ್ಳುತ್ತದೆ, ಅಣು ತಾನೇ ಒಡೆಯುವುದಿಲ್ಲ.

ತೋರಿಸಲು: ಬೊರೊಸಿಲಿಕೇಟ್ ಬೀಕರಿನಲ್ಲಿ ನೀರನ್ನು ಹತ್ತು ನಿಮಿಷ ಕುದಿಸಿ, ಕರಗಿದ ಗಾಳಿಯನ್ನು ಮೊದಲು ಓಡಿಸಿ. ಆಮೇಲೆ ಗಿಡ್ಡ ಕಾಂಡದ ಆಲಿಕೆಯನ್ನು ನೀರೊಳಗೆ ಬೋರಲಿಟ್ಟು, ಕಾಂಡದ ಮೇಲೆ ಅದೇ ನೀರು ತುಂಬಿದ ಪ್ರನಾಳವನ್ನು ಬೋರಲು ಹಾಕಿ ಸ್ಟ್ಯಾಂಡಿಗೆ ಬಿಗಿಯಿರಿ. ಮತ್ತೆ ಕುದಿಸಿದಾಗ ಆರಂಭದ ಗುಳ್ಳೆಗಳು ಪ್ರನಾಳದ ತಣ್ಣನೆಯ ನೀರಿಗೆ ತಾಗಿ ಟಕಟಕ ಸದ್ದಿನೊಂದಿಗೆ ಕುಸಿದು ಮಾಯವಾಗುತ್ತವೆ. ಪ್ರನಾಳದ ನೀರೂ ಕಾದ ಮೇಲೆ ಅನಿಲ ತುಂಬತೊಡಗುತ್ತದೆ. ಈಗ ಉರಿ ತೆಗೆಯಿರಿ. ನೀರು ಪ್ರನಾಳದೊಳಗೆ ಹಿಂದಕ್ಕೆ ಏರಿ, ತುದಿಯಲ್ಲಿ ಒಂದು ಸಣ್ಣ ಗುಳ್ಳೆ ಮಾತ್ರ ಉಳಿಯುತ್ತದೆ. ಆ ಉಳಿದದ್ದು ಗಾಳಿ, ಮಾಯವಾದದ್ದು ನೀರಾವಿ. ಹೈಡ್ರೊಜನ್ ಮತ್ತು ಆಕ್ಸಿಜನ್ ಆಗಿದ್ದರೆ ತಣಿದ ಮೇಲೂ ಅನಿಲವಾಗಿಯೇ ಇರಬೇಕಿತ್ತು.

ಬೀಕರ್‌ಬಂಧು

ಉಷ್ಣರೇಖೆ ಸರ್ ಹೇಳಿದ 1,600 ಪಟ್ಟು ಎಂಬ ಸಂಖ್ಯೆ ಚಿತ್ರ ಬಿಡಿಸುವಾಗಲೂ ಉಪಯೋಗಕ್ಕೆ ಬರುತ್ತದೆ. ಗಾತ್ರ ಅಷ್ಟು ಹಿಗ್ಗಿದರೆ ಪ್ರತಿ ದಿಕ್ಕಿನಲ್ಲಿ ಅಣುಗಳ ನಡುವಿನ ದೂರ ಅದರ ಘನಮೂಲದಷ್ಟು, ಅಂದರೆ ಸುಮಾರು 12 ಪಟ್ಟು ಹೆಚ್ಚುತ್ತದೆ. ಅನಿಲದ ಚೌಕದಲ್ಲಿ ಕಣದ ಅಗಲದ ಹನ್ನೆರಡು ಪಟ್ಟು ದೂರ ಬಿಟ್ಟು ಚುಕ್ಕಿ ಇಡಿ. ಸಣ್ಣ ಚೌಕವಾದರೆ ಒಂದೋ ಎರಡೋ ಕಣ ಹಿಡಿಸಿದರೆ ಹೆಚ್ಚು.

ಎಲ್ಲಕ್ಕಿಂತ ಹಾಳಾಗಿ ಬಿಡಿಸುವುದು ದ್ರವದ ಚಿತ್ರವನ್ನು. ಘನಕ್ಕೂ ಅನಿಲಕ್ಕೂ ನಡುವೆ ಎಂದು ಹೇಳಿ ಕಣಗಳನ್ನು ಅರ್ಧಂಬರ್ಧ ದೂರದಲ್ಲಿ ಚೆಲ್ಲುತ್ತಾರೆ. ದ್ರವದ ಕಣಗಳು ಒಂದಕ್ಕೊಂದು ತಾಗಿಕೊಂಡೇ ಇರಬೇಕು. ಸಾಮಾನ್ಯವಾಗಿ ಘನ ಕರಗಿದಾಗ ಗಾತ್ರ ಹೆಚ್ಚುವುದು ನೂರಕ್ಕೆ ಹತ್ತರ ಆಸುಪಾಸಿನಲ್ಲಿ, ಹಲವು ಲೋಹಗಳಲ್ಲಿ ಇನ್ನೂ ಕಡಿಮೆ. ಘನದಲ್ಲಿರುವ ಸಾಲು ತಪ್ಪುತ್ತದೆ, ಕಣಗಳು ಜಾಗ ಬದಲಿಸಲು ಶುರುಮಾಡುತ್ತವೆ. ವ್ಯತ್ಯಾಸ ಅಷ್ಟೇ. ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ತುಂಬಿ, ಬಾಯಿ ಬೆರಳಿನಿಂದ ಮುಚ್ಚಿ ಒತ್ತಿ ನೋಡಿದರೆ ಕೈಗೇ ತಿಳಿಯುತ್ತದೆ. ಗಾಳಿ ತುಂಬಿದರೆ ಅರ್ಧಕ್ಕಿಳಿಸಬಹುದು, ನೀರು ಒಂದು ಗೆರೆಯೂ ಕುಗ್ಗದು. ಕುಗ್ಗಿದಂತೆ ಕಂಡರೆ ಒಳಗೆ ಗಾಳಿಗುಳ್ಳೆ ಸೇರಿದೆ ಎಂದೇ ಅರ್ಥ. ತುದಿ ಮೇಲಕ್ಕೆ ಹಿಡಿದು ತಟ್ಟಿ ಹೊರಹಾಕಿ.

ನೀರು ಮಾತ್ರ ಈ ನಿಯಮಕ್ಕೆ ಉಲ್ಟಾ. ಮಂಜುಗಡ್ಡೆಯ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 0.917 ಗ್ರಾಂ, ನೀರಿನದು ಹತ್ತಿರ ಹತ್ತಿರ 1. ಹೆಪ್ಪುಗಟ್ಟುವಾಗ ಗಾತ್ರ ನೂರಕ್ಕೆ 9ರಷ್ಟು ಹೆಚ್ಚುತ್ತದೆ, ಏಕೆಂದರೆ ಮಂಜುಗಡ್ಡೆಯಲ್ಲಿ ಪ್ರತಿ ಅಣುವೂ ನಾಲ್ಕೇ ನೆರೆ ಅಣುಗಳನ್ನು ಹೈಡ್ರೊಜನ್ ಬಂಧದಲ್ಲಿ ಹಿಡಿದು ಟೊಳ್ಳಾದ ಜಾಲ ಕಟ್ಟುತ್ತದೆ. ಹಾಗಾಗಿ ಕರಗುವಿಕೆಯ ಮೊದಲ ಚಿತ್ರಕ್ಕೆ ನೀರನ್ನು ಆರಿಸಬೇಡಿ. ಮೇಣ ಅಥವಾ ಸ್ಟಿಯರಿಕ್ ಆಮ್ಲದಿಂದ ಶುರುಮಾಡಿ, ನೀರನ್ನು ಅಪವಾದವಾಗಿ ಕೊನೆಗೆ ತನ್ನಿ.

ಶೂನ್ಯಾಂಶ

ಅನಿಲದ ಕಣಗಳ ನಡುವೆ ಏನೂ ಇಲ್ಲ ಎಂದಾದರೆ ಅವು ಕೆಳಗೆ ಬಿದ್ದು ತಳದಲ್ಲಿ ಕೂರಬೇಕಲ್ಲವೇ? ಈ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ.

ಉಷ್ಣರೇಖೆ

ಒಳ್ಳೆಯ ಪ್ರಶ್ನೆ. ಕೋಣೆಯ ತಾಪದಲ್ಲಿ ನೈಟ್ರೊಜನ್ ಅಣುಗಳ ಸರಾಸರಿ ವೇಗ ಸೆಕೆಂಡಿಗೆ ಸುಮಾರು 475 ಮೀಟರ್. ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಅದು ಸಾಗುವ ದೂರ ಸುಮಾರು 70 ನ್ಯಾನೋಮೀಟರ್, ಸೆಕೆಂಡಿಗೆ ನೂರಾರು ಕೋಟಿ ಡಿಕ್ಕಿ. ಅಷ್ಟು ವೇಗದ ಮುಂದೆ ಕೋಣೆಯ ಎತ್ತರದಷ್ಟು ದೂರದಲ್ಲಿ ಗುರುತ್ವ ಮಾಡುವ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಗುರುತ್ವ ಕೆಲಸ ಮಾಡುತ್ತಿಲ್ಲ ಎಂದಲ್ಲ. ವಾತಾವರಣದಲ್ಲಿ ಸುಮಾರು ಐದೂವರೆ ಕಿಲೋಮೀಟರ್ ಮೇಲೆ ಹೋದರೆ ಒತ್ತಡ ಅರ್ಧಕ್ಕಿಳಿಯುತ್ತದೆ. ಗಾಳಿಯ ಕಣಗಳೂ ತಳದ ಕಡೆಗೆ ದಟ್ಟವಾಗಿಯೇ ಇವೆ, ಅದು ಕಾಣಲು ಕಿಲೋಮೀಟರುಗಳ ಎತ್ತರ ಬೇಕು.

ಬೀಕರ್‌ಬಂಧು

ಸ್ಟಿಯರಿಕ್ ಆಮ್ಲದ ವಿಷಯಕ್ಕೆ ಬರೋಣ. ಇಳಿಜಾರಿಗೆ ಮುಖ್ಯ ಕಾರಣ ಹೆಚ್ಚಿನ ಬಾರಿ ವಸ್ತುವೇ. ಶುದ್ಧ ಸ್ಟಿಯರಿಕ್ ಆಮ್ಲ 69 ಡಿಗ್ರಿಯಲ್ಲಿ ಕರಗುತ್ತದೆ. ವಾಣಿಜ್ಯ ದರ್ಜೆಯದರಲ್ಲಿ ಪಾಮಿಟಿಕ್ ಆಮ್ಲ ದೊಡ್ಡ ಪಾಲಿನಲ್ಲಿ ಬೆರೆತಿರುತ್ತದೆ, ಅದು 55ರ ಆಸುಪಾಸಿನಲ್ಲೇ ಕರಗಬಹುದು. ಮಿಶ್ರಣ ಒಂದೇ ತಾಪದಲ್ಲಿ ಗಟ್ಟಿಯಾಗುವುದಿಲ್ಲ, ಆದ್ದರಿಂದ ಗೆರೆ ಓರೆಯಾಗುತ್ತದೆ. ಡಬ್ಬಿಯ ಮೇಲೆ ಶುದ್ಧತೆ ನೂರಕ್ಕೆ 95ಕ್ಕಿಂತ ಹೆಚ್ಚು ಎಂದಿದೆಯೇ ನೋಡಿ.

ಕ್ರಮ ಹೀಗಿರಲಿ. ಅಗಲ ಬಾಯಿಯ ದೊಡ್ಡ ಪ್ರನಾಳದಲ್ಲಿ 10 ಗ್ರಾಂ ಹಾಕಿ. 85 ಡಿಗ್ರಿಯ ನೀರಿನಲ್ಲಿಟ್ಟು ಕರಗಿಸಿ. ನೇರ ಉರಿಗೆ ಹಿಡಿಯಬೇಡಿ, ಹೊಗೆ ಬರುತ್ತದೆ, ಹೊತ್ತಿಕೊಳ್ಳಲೂಬಹುದು. ಪೂರ್ತಿ ಕರಗಿ 80 ಡಿಗ್ರಿ ದಾಟಿದ ಮೇಲೆ ಪ್ರನಾಳವನ್ನು ಹೊರತೆಗೆದು ಸ್ಟ್ಯಾಂಡಿಗೆ ಹಾಕಿ, ಗಾಳಿ ಬೀಸದ ಕಡೆ ನಿಲ್ಲಿಸಿ. ಥರ್ಮಾಮೀಟರಿನ ಬುರುಡೆ ದ್ರವದ ನಡುಮಧ್ಯದಲ್ಲಿರಲಿ, ಗಾಜಿಗೆ ತಾಗಬಾರದು. ಪ್ರತಿ 30 ಸೆಕೆಂಡಿಗೆ ಓದಿ, 50 ಡಿಗ್ರಿಗೆ ಬರುವವರೆಗೂ ಬಿಡಬೇಡಿ. ಮೆತ್ತಗಾಗುವವರೆಗೆ ತಂತಿಯ ಕಡ್ಡಿಯಿಂದ ಕಲಕುತ್ತಿರಿ, ಥರ್ಮಾಮೀಟರಿನಿಂದ ಕಲಕಬೇಡಿ.

ಬೇಗ ಮುಗಿಸೋಣವೆಂದು ಪ್ರನಾಳವನ್ನು ತಣ್ಣೀರಿಗೆ ಇಳಿಸಿದರೆ ಕೆಲಸ ಕೆಡುತ್ತದೆ. ಗೋಡೆಯ ಬಳಿ ಗಟ್ಟಿ ಪದರ ಕಟ್ಟುತ್ತದೆ, ನಡುವೆ ಇನ್ನೂ ದ್ರವ. ಥರ್ಮಾಮೀಟರ್ ತೋರಿಸುವುದು ಎರಡರಲ್ಲಿ ಯಾವುದನ್ನೂ ಸರಿಯಾಗಿ ಅಲ್ಲ. ಕೆಲವೊಮ್ಮೆ ತಾಪ ದ್ರವನ ಬಿಂದುವಿಗಿಂತ ಕೆಳಗಿಳಿದು, ಮೊದಲ ಹರಳು ಕಂಡೊಡನೆ ಮೇಲೇರಿ ನಿಲ್ಲುತ್ತದೆ. ಅದು ಅತಿತಂಪು, ಪ್ರಯೋಗದ ತಪ್ಪಲ್ಲ. ಆ ಗುಂಡಿಯನ್ನೂ ಗ್ರಾಫಿನಲ್ಲಿ ಗುರುತಿಸಿ. ಸಾಲುಗೂಡಲು ಕಣಗಳಿಗೆ ಮೊದಲೊಂದು ಬೀಜಹರಳು ಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಥರ್ಮಾಮೀಟರ್ ಗಟ್ಟಿ ಆಮ್ಲದಲ್ಲಿ ಸಿಕ್ಕಿಕೊಂಡಾಗ ಎಳೆಯಲೇಬೇಡಿ. ಪ್ರನಾಳವನ್ನು ಬಿಸಿನೀರಿಗೆ ಇಳಿಸಿ, ಪೂರ್ತಿ ಕರಗಿದ ಮೇಲೆ ತೆಗೆಯಿರಿ.

ಪಾಠಟಿಪ್ಪಣಿ

ಸಮತಟ್ಟು ಭಾಗದಲ್ಲಿ ಶಾಖ ಹೊರಹೋಗುತ್ತಲೇ ಇದೆ, ತಾಪ ಮಾತ್ರ ಇಳಿಯುತ್ತಿಲ್ಲ. ಕಣಗಳ ಮಾತಿನಲ್ಲಿ ಇದನ್ನು ಒಂದೆರಡು ವಾಕ್ಯದಲ್ಲಿ ಹೇಳುವುದು ಹೇಗೆ?

ಉಷ್ಣರೇಖೆ

ತಾಪ ಅಳೆಯುವುದು ಕಣಗಳ ಸರಾಸರಿ ಚಲನ ಶಕ್ತಿಯನ್ನು. ಗಟ್ಟಿಯಾಗುವಾಗ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಪ್ರಚ್ಛನ್ನ ಶಕ್ತಿ ಇಳಿಯುತ್ತದೆ, ಇಳಿದಷ್ಟು ಶಕ್ತಿ ಶಾಖವಾಗಿ ಹೊರಬರುತ್ತದೆ. ಸುತ್ತಲಿನ ಗಾಳಿಗೆ ಹೋಗುವ ಶಾಖವನ್ನು ಅದು ಸರಿದೂಗಿಸುವವರೆಗೆ ಕಣಗಳ ವೇಗ ಕಡಿಮೆಯಾಗುವುದಿಲ್ಲ. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ: 0 ಡಿಗ್ರಿಯ ಮಂಜುಗಡ್ಡೆಯ ಅಣುಗಳೂ 0 ಡಿಗ್ರಿಯ ನೀರಿನ ಅಣುಗಳೂ ಸರಾಸರಿಯಲ್ಲಿ ಒಂದೇ ಚಲನ ಶಕ್ತಿಯವು. ದ್ರವವಾದ ತಕ್ಷಣ ಕಣಗಳು ವೇಗವಾಗಿ ಓಡುತ್ತವೆ ಎಂದು ಬರೆದರೆ ತಪ್ಪು.

ಜತೆಗೆ ಬಿಸಿಮಾಡುವ ರೇಖೆಯನ್ನು ಅಳತೆಗೆ ಸರಿಯಾಗಿ ಬಿಡಿಸಿ. ಮೈನಸ್ 10 ಡಿಗ್ರಿಯ 100 ಗ್ರಾಂ ಮಂಜುಗಡ್ಡೆಗೆ ಸೆಕೆಂಡಿಗೆ 200 ಜೂಲ್ ಕೊಡುವ ಹೀಟರ್ ಇದೆ, ಶಾಖ ಸೋರುವುದಿಲ್ಲ ಎಂದಿಟ್ಟುಕೊಳ್ಳಿ. 0 ಡಿಗ್ರಿಗೆ ಬರಲು ಸುಮಾರು 10 ಸೆಕೆಂಡು. ಕರಗಲು 33.4 ಕಿಲೊಜೂಲ್, ಅಂದರೆ 167 ಸೆಕೆಂಡು. ನೀರು 0ಯಿಂದ 100ಕ್ಕೆ ಬರಲು 41.8 ಕಿಲೊಜೂಲ್, 209 ಸೆಕೆಂಡು. ಪೂರ್ತಿ ಆವಿಯಾಗಲು 225.7 ಕಿಲೊಜೂಲ್, 1,128 ಸೆಕೆಂಡು, ಹತ್ತಿರ ಹತ್ತಿರ 19 ನಿಮಿಷ. ಎರಡು ಸಮತಟ್ಟು ಭಾಗಗಳನ್ನು ಒಂದೇ ಉದ್ದಕ್ಕೆ ಬಿಡಿಸಿದ ಗ್ರಾಫು ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತದೆ. ಕುದಿಯುವ ಭಾಗ ಕರಗುವ ಭಾಗದ ಸುಮಾರು ಏಳು ಪಟ್ಟು ಉದ್ದ. ಕರಗುವಾಗ ಅಣುಗಳು ನೆರೆಯನ್ನು ಬದಲಿಸಿಕೊಳ್ಳುತ್ತವೆ ಅಷ್ಟೇ, ಆವಿಯಾಗುವಾಗ ಎಲ್ಲ ನೆರೆಯಿಂದಲೂ ಕಿತ್ತುಕೊಂಡು ಹೋಗಬೇಕು.

ಶೂನ್ಯಾಂಶ

ಕುದಿಯಲು ಬಿಸಿ ಏರಿಸಲೇಬೇಕೆಂದಿಲ್ಲ ಎಂಬುದನ್ನೂ ಇಲ್ಲೇ ತೋರಿಸಿಬಿಡಿ. 50–60 ಮಿಲಿ ಹಿಡಿಯುವ ಸಿರಿಂಜಿನಲ್ಲಿ 60 ಡಿಗ್ರಿಯ 10 ಮಿಲಿ ನೀರು ಎಳೆದು, ಗಾಳಿಯನ್ನೆಲ್ಲ ಹೊರತಳ್ಳಿ, ಬಾಯಿಗೆ ಮುಚ್ಚಳ ಹಾಕಿ ಪಿಸ್ಟನ್ನನ್ನು ಜೋರಾಗಿ ಹಿಂದಕ್ಕೆಳೆಯಿರಿ. ನೀರು ಬುಳುಬುಳು ಕುದಿಯುತ್ತದೆ. 60 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ ಸುಮಾರು 20 ಕಿಲೊಪ್ಯಾಸ್ಕಲ್. ಒಳಗಿನ ಒತ್ತಡ ಅಲ್ಲಿಗೆ ಇಳಿದ ಕೂಡಲೇ ದ್ರವದ ಒಳಗೇ ಗುಳ್ಳೆ ನಿಲ್ಲಬಲ್ಲದು. ಮುಚ್ಚಳದೊಳಗೆ ಗಾಳಿ ಉಳಿದಿದ್ದರೆ ಆ ಗಾಳಿಯೇ ಹಿಗ್ಗಿ ಒತ್ತಡ ಇಳಿಯಲು ಬಿಡದು, ಪ್ರಯೋಗ ಸೋಲುತ್ತದೆ. 65 ಡಿಗ್ರಿಗಿಂತ ಬಿಸಿ ನೀರು ಬೇಡ, ಪಿಸ್ಟನ್ ಕಳಚಿದರೆ ಕೈ ಸುಡುತ್ತದೆ.

ಮೈಲುತುತ್ತ

ಪರ್ಮಾಂಗನೇಟ್ ಪ್ರಯೋಗದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಬಿಸಿನೀರು–ತಣ್ಣೀರಿನ ಬೀಕರುಗಳಲ್ಲಿ ಬಣ್ಣ ಹರಡುವುದು ಬಹುಪಾಲು ಸಂವಹನದಿಂದ, ವಿಸರಣೆಯಿಂದಲ್ಲ. ಬಿಸಿನೀರು ಅಂಚಿನಲ್ಲಿ ತಣಿದು ಕೆಳಗಿಳಿಯುತ್ತದೆ, ನಡುವಿನದು ಮೇಲೇರುತ್ತದೆ, ಬಣ್ಣ ಆ ಹರಿವಿನ ಜತೆ ಸಾಗುತ್ತದೆ. ದ್ರವದಲ್ಲಿ ಸಣ್ಣ ಅಯಾನುಗಳ (ವಿದ್ಯುದಾವೇಶವಿರುವ ಕಣಗಳ) ವಿಸರಣೆ ಗುಣಾಂಕ ಸುಮಾರು ಸೆಕೆಂಡಿಗೆ ಚದರ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಅದರಂತೆ ಒಂದು ಸೆಂಟಿಮೀಟರ್ ದಾಟಲು ಹತ್ತಿರ ಹತ್ತಿರ 14 ಗಂಟೆ. ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟು. ಎರಡು ನಿಮಿಷದಲ್ಲಿ ಬೀಕರೆಲ್ಲ ನೇರಳೆಯಾದರೆ ಅದು ಕಣಗಳ ಅಡ್ಡಾದಿಡ್ಡಿ ಓಟವಲ್ಲ, ನೀರಿನ ಹರಿವು.

ಕೋಣೆಯಲ್ಲಿ ಸುಗಂಧ ಹರಡುವ ಉದಾಹರಣೆಯೂ ಹೀಗೇ. ನಿಶ್ಚಲ ಗಾಳಿಯಲ್ಲಿ ಬರೀ ವಿಸರಣೆಯಿಂದ ಒಂದು ಮೀಟರ್ ಸಾಗಲು ಸುಮಾರು ಏಳು ಗಂಟೆ ಬೇಕು. ಮೂಗಿಗೆ ಅರೆ ನಿಮಿಷದಲ್ಲಿ ಮುಟ್ಟಿಸುವುದು ಗಾಳಿಯ ಚಲನೆ.

ಹರಿವನ್ನು ತಡೆಯಲು ನೂರಕ್ಕೆ ಒಂದೂವರೆಯಷ್ಟು ಅಗರ್ (ನೀರನ್ನು ಜೆಲ್ಲಿಯಾಗಿಸುವ ಪುಡಿ) ಬೆರೆಸಿ ಕುದಿಸಿದ ನೀರನ್ನು ಪ್ರನಾಳಗಳಲ್ಲಿ ಸುರಿದು ಗಟ್ಟಿಯಾಗಲು ಬಿಡಿ, ಮೇಲೆ ಬಣ್ಣದ ದ್ರಾವಣ ಹಾಕಿ. ಇಲ್ಲಿ ಪರ್ಮಾಂಗನೇಟ್ ಬೇಡ, ಅದು ಅಗರನ್ನೇ ಆಕ್ಸಿಡೀಕರಿಸಿ ಕಂದು ಕಲೆ ಮಾಡುತ್ತದೆ. ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ ಅಥವಾ ಆಹಾರದ ಬಣ್ಣ ಸರಿ. ಒಂದು ಪ್ರನಾಳ ಫ್ರಿಜ್ಜಿನಲ್ಲಿ 5 ಡಿಗ್ರಿಯಲ್ಲಿರಲಿ, ಇನ್ನೊಂದು 40 ಡಿಗ್ರಿಯಲ್ಲಿ. ಜೆಲಟಿನ್ ಬಳಸಿದರೆ 40 ಡಿಗ್ರಿಯದು ಕರಗಿಹೋಗುತ್ತದೆ. ಒಂದು ದಿನ ಬಿಟ್ಟು ಅಳೆದರೆ ಬಿಸಿಯದರಲ್ಲಿ ಬಣ್ಣ ಸುಮಾರು ಒಂದೂವರೆ ಪಟ್ಟು ದೂರ ಇಳಿದಿರುತ್ತದೆ. ನಿಧಾನದ ಪ್ರಯೋಗ, ಆದರೆ ತೋರಿಸಬೇಕಾದುದನ್ನೇ ತೋರಿಸುತ್ತದೆ.

ಬೀಕರ್‌ಬಂಧು

ಕಣಗಳ ಓಟವನ್ನು ಕಣ್ಣಾರೆ ನೋಡಲು 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಸಾಕು. ಒಂದು ಹನಿ ಹಾಲನ್ನು ಇಪ್ಪತ್ತು ಹನಿ ನೀರಿಗೆ ಬೆರೆಸಿ ಸ್ಲೈಡಿಗೆ ಹಾಕಿ, ಕವರ್‌ಸ್ಲಿಪ್ ಇಟ್ಟು ಅಂಚಿಗೆ ವ್ಯಾಸಲೀನ್ ಹಚ್ಚಿ. ಹಚ್ಚದಿದ್ದರೆ ನೀರು ಆರುತ್ತಾ ಎಲ್ಲ ಗೋಲಗಳೂ ಒಂದೇ ದಿಕ್ಕಿಗೆ ತೇಲುತ್ತವೆ, ಅದು ಬ್ರೌನಿಯನ್ ಚಲನೆಯಲ್ಲ. ಸರಿಯಾಗಿದ್ದರೆ ಕೊಬ್ಬಿನ ಸಣ್ಣ ಗೋಲಗಳು ನಿಂತಲ್ಲೇ ನಡುಗುತ್ತವೆ, ದೊಡ್ಡವು ಕಡಿಮೆ. ಕಾಣುತ್ತಿರುವುದು ನೀರಿನ ಅಣುವಲ್ಲ, ಅಣುಗಳ ಗುದ್ದಿಗೆ ಸಿಕ್ಕ ಗೋಲ ಎಂದು ಸ್ಪಷ್ಟವಾಗಿ ಬರೆಯಿರಿ. ರಾಬರ್ಟ್ ಬ್ರೌನ್ 1827ರಲ್ಲಿ ಪರಾಗದ ಒಳಗಿನ ಸೂಕ್ಷ್ಮ ಕಣಗಳಲ್ಲಿ ಇದನ್ನು ಕಂಡರು. 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಕೊಟ್ಟರು, ಅದನ್ನು ಅಳೆದು ಖಚಿತಪಡಿಸಿದ ಪೆರಾಂ ಅವರಿಗೆ 1926ರ ನೊಬೆಲ್ ಬಂತು.

ಪಾಠಟಿಪ್ಪಣಿ

ಭೌತಿಕ–ರಾಸಾಯನಿಕ ಪ್ರಶ್ನೆ ಉಳಿದಿದೆ. ಅಮೋನಿಯಂ ಕ್ಲೋರೈಡನ್ನು ಉತ್ಪತನದ (ಘನ ನೇರವಾಗಿ ಅನಿಲವಾಗುವುದರ) ಉದಾಹರಣೆಯಾಗಿ ಕೊಡಬಹುದೇ?

ಮೈಲುತುತ್ತ

ಕೊಡಬೇಡಿ ಮೇಡಂ. ಬಿಸಿಮಾಡಿದಾಗ ಅದು ಅಮೋನಿಯಾ ಮತ್ತು ಹೈಡ್ರೊಜನ್ ಕ್ಲೋರೈಡ್ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ. ಪ್ರನಾಳದ ತಣ್ಣನೆಯ ಭಾಗದಲ್ಲಿ ಅವೆರಡೂ ಮತ್ತೆ ಕೂಡಿ ಬಿಳಿ ಪುಡಿಯಾಗುತ್ತವೆ. ಹಿಂದಿನ ರೂಪಕ್ಕೆ ಬಂತು, ಆದರೂ ನಡುವೆ ನಡೆದದ್ದು ರಾಸಾಯನಿಕ ಬದಲಾವಣೆ. ಪ್ರನಾಳದ ತಳದಲ್ಲಿ ಚಿಟಿಕೆ ಪುಡಿ, ಮೇಲೆ ಗಾಜುನಾರಿನ ಸಡಿಲ ಬಿರಡೆ, ಬಾಯಿಯಲ್ಲಿ ಒದ್ದೆ ಕೆಂಪು ಲಿಟ್ಮಸ್ ಇಟ್ಟು ಕಾಯಿಸಿ. ಹಗುರವಾದ ಅಮೋನಿಯಾ ಮೊದಲು ನಾರನ್ನು ದಾಟಿ ಲಿಟ್ಮಸ್ಸನ್ನು ನೀಲಿಯಾಗಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆಮ್ಲದ ಅನಿಲ ಬಂದು ಮತ್ತೆ ಕೆಂಪಾಗಿಸುತ್ತದೆ. ಪ್ರಯೋಗಾಲಯದ ಹೊಗೆಗೂಡಿನೊಳಗೇ (ಫ್ಯೂಮ್ ಹುಡ್) ಮಾಡಿ. ನಾರನ್ನು ಬಿಗಿಯಾಗಿ ತುರುಕಿದರೆ ಒಳಗೆ ಒತ್ತಡ ಕಟ್ಟುತ್ತದೆ.

ಅಯೋಡಿನ್ ಉತ್ಪತನಕ್ಕೆ ಸರಿ, ಆದರೆ "ಅದಕ್ಕೆ ದ್ರವರೂಪವೇ ಇಲ್ಲ" ಎನ್ನಬೇಡಿ. ಅದು 114 ಡಿಗ್ರಿಗೆ ಕರಗುತ್ತದೆ, 184ಕ್ಕೆ ಕುದಿಯುತ್ತದೆ. ಅದಕ್ಕೂ ಮೊದಲೇ ಘನದಿಂದ ಆವಿ ಧಾರಾಳವಾಗಿ ಏಳುವುದರಿಂದ ದ್ರವ ಕಾಣದೆ ಹೋಗುತ್ತದೆ. ಸಾಮಾನ್ಯ ಒತ್ತಡದಲ್ಲಿ ದ್ರವವಾಗಲು ಸಾಧ್ಯವೇ ಇಲ್ಲದ್ದು ಒಣಮಂಜು. ಇಂಗಾಲದ ಡೈಆಕ್ಸೈಡ್ ದ್ರವವಾಗಲು ವಾತಾವರಣದ ಐದು ಪಟ್ಟಿಗಿಂತ ಹೆಚ್ಚಿನ ಒತ್ತಡ ಬೇಕು.

ಹಿಂತಿರುಗುತ್ತದೆಯೇ ಎಂದು ಕೇಳುವ ಬದಲು "ಮೊದಲಿದ್ದ ಕಣಗಳೇ ಕೊನೆಗೂ ಇವೆಯೇ?" ಎಂದು ಕೇಳಲು ಕಲಿಸಿ. ಸಕ್ಕರೆ ನೀರಿನಲ್ಲಿ ಕರಗಿದಾಗ ಸಕ್ಕರೆಯ ಅಣು ಇಡಿಯಾಗಿಯೇ ಇದೆ. ಉಪ್ಪಿನಲ್ಲಿ ಮೊದಲೂ ಅಯಾನುಗಳು, ಕರಗಿದ ಮೇಲೂ ಅವೇ ಅಯಾನುಗಳು, ನೀರಿನ ಅಣುಗಳು ಸುತ್ತುವರಿದಿರುತ್ತವೆ. ನೀಲಿ ಮೈಲುತುತ್ತ ಕಾಯಿಸಿದಾಗ ಹರಳಿನೊಳಗೆ ಬಂಧಿತವಾಗಿದ್ದ ನೀರು ಹೊರಟು ಬೇರೆಯೇ ವಸ್ತು ಉಳಿಯುತ್ತದೆ, ಆದ್ದರಿಂದ ಅದನ್ನು ರಾಸಾಯನಿಕ ಬದಲಾವಣೆಯ ಕಡೆಗೆ ಹಾಕುತ್ತೇನೆ, ನೀರು ಹಾಕಿದರೆ ನೀಲಿ ಮರಳಿದರೂ. 2.50 ಗ್ರಾಂ ಹರಳು ಕಾಯಿಸಿದರೆ 1.60 ಗ್ರಾಂ ಬಿಳಿ ಪುಡಿ ಉಳಿಯಬೇಕು. ಹೆಚ್ಚು ಉಳಿದರೆ ನೀರು ಪೂರ್ತಿ ಹೋಗಿಲ್ಲ, ತೂಕ ಸ್ಥಿರವಾಗುವವರೆಗೆ ಮತ್ತೆ ಕಾಯಿಸಿ. ತಳ ಕಪ್ಪಾದರೆ ಉರಿ ಅತಿಯಾಗಿ ಸಲ್ಫೇಟೇ ಒಡೆದಿದೆ, ಆ ಹೊಗೆ ವಿಷ. ಪ್ರನಾಳದಲ್ಲಿ ಮಾಡುವುದಾದರೆ ಬಾಯಿ ತುಸು ಕೆಳಕ್ಕೆ ಬಾಗಿರಲಿ, ಇಲ್ಲದಿದ್ದರೆ ಬಾಯಿಯಲ್ಲಿ ಕಟ್ಟಿದ ನೀರು ಕಾದ ತಳಕ್ಕೆ ಹರಿದು ಗಾಜು ಸೀಳುತ್ತದೆ.

ಶೂನ್ಯಾಂಶ

ದ್ರವ್ಯರಾಶಿ ಉಳಿಯುತ್ತದೆಂದು ತೋರಿಸಲು ಅಡುಗೆ ಸೋಡಾ ಮತ್ತು ವಿನೆಗರ್ ಇರುವ ಬಾಟಲಿಗೆ ಬಲೂನು ಕಟ್ಟುವ ಪ್ರಯೋಗ ಎಲ್ಲೆಡೆ ಇದೆ. ತಕ್ಕಡಿ ಮಾತ್ರ ಕಡಿಮೆ ತೋರಿಸುತ್ತದೆ. ಸೋರಿಕೆಯೇ?

ಉಷ್ಣರೇಖೆ

ಸೋರದಿದ್ದರೂ ಕಡಿಮೆಯೇ ತೋರಿಸುತ್ತದೆ. 4.2 ಗ್ರಾಂ ಸೋಡಾ ಮತ್ತು ನೂರಕ್ಕೆ 5ರ ವಿನೆಗರ್ 60 ಮಿಲಿ ಸೇರಿದರೆ 2.2 ಗ್ರಾಂ ಅನಿಲ, ಸುಮಾರು 1.2 ಲೀಟರ್. ಬಲೂನು ಅಷ್ಟು ಹಿಗ್ಗಿದಾಗ 1.2 ಲೀಟರ್ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಗಾಳಿಯ ತೂಕ ಸುಮಾರು 1.4 ಗ್ರಾಂ, ಅಷ್ಟು ಮೇಲ್ಮುಖ ಬಲ ತಕ್ಕಡಿಯ ಓದಿನಿಂದ ಕಳೆದುಹೋಗುತ್ತದೆ.

ಗಾತ್ರ ಬದಲಾಗದ ಪಾತ್ರೆ ಬಳಸಿ. ಸೋಡಾ ಪಾನೀಯದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ ಒತ್ತಡ ತಾಳುವಂತೆಯೇ ಮಾಡಿದ್ದು. ಅದರಲ್ಲಿ 10 ಮಿಲಿ ವಿನೆಗರ್ ಹಾಕಿ, ಕೇವಲ 0.42 ಗ್ರಾಂ ಸೋಡಾವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಕುತ್ತಿಗೆಯಲ್ಲಿ ಸಿಕ್ಕಿಸಿ, ಮುಚ್ಚಳ ಬಿಗಿದು ತೂಗಿ. ಆಮೇಲೆ ಅಲುಗಿಸಿ ಬೀಳಿಸಿ. ಅನಿಲ ಸುಮಾರು 120 ಮಿಲಿ, ಒತ್ತಡ ಏರುವುದು ವಾತಾವರಣದ ಎಂಟರಲ್ಲೊಂದು ಭಾಗದಷ್ಟು, ಅಪಾಯವಿಲ್ಲ. 4 ಗ್ರಾಂ ಹಾಕಿ ಮುಚ್ಚಬೇಡಿ, ಗಾಜಿನ ಬಾಟಲಿಯಲ್ಲಂತೂ ಎಂದಿಗೂ ಬೇಡ. ಪ್ರತಿಕ್ರಿಯೆ ನಿಂತ ಮೇಲೆ ತೂಗಿದರೆ ಮೊದಲಿನ ಸಂಖ್ಯೆಯೇ ಬರಬೇಕು. ಮುಚ್ಚಳ ಸಡಿಲಿಸಿ ಬುಸ್ಸೆಂದ ಮೇಲೆ ಮತ್ತೆ ತೂಗಿದರೆ 0.1ರಿಂದ 0.2 ಗ್ರಾಂ ಇಳಿದಿರುತ್ತದೆ, ಆದ್ದರಿಂದ 0.01 ಗ್ರಾಂ ಓದುವ ತಕ್ಕಡಿಯೇ ಬೇಕು. ಅಡುಗೆಮನೆಯ ತಕ್ಕಡಿಗೆ ಈ ವ್ಯತ್ಯಾಸ ಕಾಣಿಸದು.